ವಾಟ್ಸಾಪಿನಲ್ಲಿ ವಾದ ಗೆದ್ದರೆ ನಂಬಿಕೆ ಬದಲಾಗುತ್ತದೆಯೇ?

2018ರ ಮಾರ್ಚ್ ತಿಂಗಳು. ಜೋಳದ ರಾಶಿಯ ದಿನಗಳು. ನಮ್ಮಲ್ಲೊಬ್ಬರ ಊರು ಜೇವರ್ಗಿ ಕಡೆ. ಆ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಕರೆಂಟ್ ಯಾವಾಗ ಬರುತ್ತದೆ, ತೊಗರಿ ದರ ಎಷ್ಟಾಯಿತು, ಯಾರ ಎಮ್ಮೆ ಕಳೆದಿದೆ ಎಂಬಂಥ ಸುದ್ದಿ ಬಿಟ್ಟರೆ ಬೇರೆ ಏನೂ ಬರುತ್ತಿರಲಿಲ್ಲ.

ಮಾರ್ಚ್ 19ರಂದು ರಾಜ್ಯ ಸಚಿವ ಸಂಪುಟ ನಿವೃತ್ತ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಸಮಿತಿಯ ವರದಿ ಒಪ್ಪಿತು. ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಕೊಡಿ ಎಂದು ಕೇಂದ್ರಕ್ಕೆ ಶಿಫಾರಸು ಮಾಡಲು ತೀರ್ಮಾನಿಸಿತು. ಅಂದು ರಾತ್ರಿಯೇ ಗ್ರೂಪಿನಲ್ಲಿ ವಾದ ಶುರುವಾಯಿತು.

ವಾದಕ್ಕಿಳಿದವರು ಒಂದೇ ಮನೆತನದ ಇಬ್ಬರು. ಒಬ್ಬರು ನಿವೃತ್ತ ಮಾಸ್ತರ್, ಇನ್ನೊಬ್ಬ ಅವರ ಅಣ್ಣನ ಮಗ. ವೀರಶೈವ, ಲಿಂಗಾಯತ ಎರಡೂ ಒಂದೇ ಎಂದರು ಕಾಕಾ. ಬಸವಣ್ಣನವರಿಂದ ಬಂದದ್ದು ಬೇರೆಯೇ ಧರ್ಮ ಎಂದ ಹುಡುಗ. ಕಾಕಾ ಸ್ವಾಮಿಗಳೊಬ್ಬರ ಪ್ರವಚನದ ವಿಡಿಯೋ ಹಾಕಿದರೆ, ಹುಡುಗ ವಚನ ಸಂಪುಟದ ಪುಟಗಳ ಫೋಟೋ ಹಾಕಿದ. ರಾತ್ರಿ ಒಂದು ಗಂಟೆಯಾದರೂ ನಿಲ್ಲಲಿಲ್ಲ. ಮೂರನೇ ದಿನ ಕಾಕಾ ಬರೆದರು: "ನಿಮ್ಮಪ್ಪ ಇದ್ದಿದ್ರ ನೀ ಹಿಂಗ ಮಾತಾಡ್ತಿರಲಿಲ್ಲ." ಹುಡುಗ ಗ್ರೂಪು ಬಿಟ್ಟ. ಎರಡೂ ಮನೆಗೆ ಒಂದೇ ರಾಶಿ ಮಷಿನ್ ಬರುತ್ತಿತ್ತು. ಆ ವರ್ಷ ಬೇರೆ ಬೇರೆ ಬಂತು.

ಮುಂದೆ ಕೇಂದ್ರ ಆ ಶಿಫಾರಸನ್ನು ಒಪ್ಪಲಿಲ್ಲ. ಕಾಕಾ ಇವತ್ತಿಗೂ ಅಂದು ಹೇಳಿದ್ದನ್ನೇ ಹೇಳುತ್ತಾರೆ, ಹುಡುಗನೂ ಅಷ್ಟೇ. ಮೂರು ರಾತ್ರಿಯ ವಾದದಿಂದ ಇಬ್ಬರ ನಂಬಿಕೆಯೂ ಕೂದಲೆಳೆಯಷ್ಟೂ ಅಲುಗಲಿಲ್ಲ.

ಹಾಗಾದರೆ ಫೋನಿನಲ್ಲಿ ಧರ್ಮದ ಬಗ್ಗೆ ವಾದ ಮಾಡುವುದರಿಂದ ಏನಾದರೂ ಆಗುತ್ತದೆಯೇ? ಆಳಂದ, ಅಫಜಲಪುರ, ಜೇವರ್ಗಿ ಕಡೆ ಓಡಾಡುವಾಗ ನಾವು ಈ ಪ್ರಶ್ನೆಯನ್ನು ಬಹಳ ಸಲ ಕೇಳಿಕೊಂಡಿದ್ದೇವೆ. ಏನೂ ಆಗುವುದಿಲ್ಲ ಎಂದರೆ ತಪ್ಪಾಗುತ್ತದೆ. ಆದರೆ ಬದಲಾಗುವುದು ನಾವು ಅಂದುಕೊಂಡ ಮನುಷ್ಯನಲ್ಲ, ನಾವು ಅಂದುಕೊಂಡ ಸಂಗತಿಯೂ ಅಲ್ಲ.

ಎದುರಿನವನು ಯಾಕೆ ಬದಲಾಗುವುದಿಲ್ಲ?

ಆಗ ಒಂದು ವಾಟ್ಸಾಪ್ ಗ್ರೂಪಿನಲ್ಲಿ 256 ಮಂದಿ ಇರಬಹುದಿತ್ತು, ಈಗ 1024 ಮಂದಿ ಇರಬಹುದು. ಅಷ್ಟು ಮಂದಿಯ ಎದುರು "ಹೌದಪ್ಪ, ನಂದ ತಪ್ಪು" ಅನ್ನುವುದು ಸುಲಭವಲ್ಲ. ಬೀಗರು ಓದುತ್ತಾರೆ, ಅಳಿಯ ಓದುತ್ತಾನೆ, ಹಿಂದಿನ ಚುನಾವಣೆಯಲ್ಲಿ ಎದುರು ನಿಂತವನೂ ಓದುತ್ತಾನೆ. ಶುರುವಾಗುವಾಗ ದೇವರ ವಿಚಾರವಿರುತ್ತದೆ. ಹತ್ತು ಮೆಸೇಜ್ ದಾಟುವಷ್ಟರಲ್ಲಿ ಅದು ಮರ್ಯಾದೆಯ ವಿಚಾರ ಆಗಿರುತ್ತದೆ.

ಇದು ನಮ್ಮ ಊರಿನ ಜಾಯಮಾನ ಮಾತ್ರ ಅಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಕ್ರಿಸ್ ಬೇಲ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಟ್ವಿಟರ್ ಬಳಸುವವರಿಗೆ ಹಣ ಕೊಟ್ಟು, ಎದುರು ಪಕ್ಷದವರ ಮಾತುಗಳನ್ನು ಒಂದು ತಿಂಗಳು ಓದಲು ಹಚ್ಚಿದರು. ಎರಡೂ ಕಡೆಯ ಮಾತು ಕೇಳಿದರೆ ಜನ ಮೆತ್ತಗಾಗುತ್ತಾರೆ ಎಂಬುದು ಎಲ್ಲರ ಎಣಿಕೆ. ಆದರೆ ರಿಪಬ್ಲಿಕನ್ ಪಕ್ಷದ ಕಡೆಯವರು ಮೊದಲಿಗಿಂತ ಗಟ್ಟಿಯಾಗಿ ತಮ್ಮ ನಿಲುವು ಹಿಡಿದರು. ಡೆಮಾಕ್ರಟ್ ಕಡೆಯವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ.

ಕಾರ್ನೆಲ್ ವಿಶ್ವವಿದ್ಯಾಲಯದವರು 2016ರಲ್ಲಿ ಇನ್ನೊಂದು ಬಗೆಯ ವಾದಗಳನ್ನು ಅಭ್ಯಾಸ ಮಾಡಿದರು. "ನನ್ನ ಅಭಿಪ್ರಾಯ ಹೀಗಿದೆ, ಸಾಧ್ಯವಾದರೆ ಬದಲಿಸಿ" ಎಂದು ಜನ ತಾವಾಗಿಯೇ ಆಹ್ವಾನ ಕೊಟ್ಟ ವಾದಗಳು ಅವು. ಅಲ್ಲಿ ಕೆಲವರ ಮನಸ್ಸು ಬದಲಾದದ್ದುಂಟು. ಆದರೆ ಒಬ್ಬರೊಡನೆ ನಾಲ್ಕೈದು ಸುತ್ತು ಮಾತು ದಾಟಿದ ಮೇಲೆ ಒಪ್ಪಿಸುವ ಸಾಧ್ಯತೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂದು ಕಂಡುಬಂತು. ಬದಲಾಗಲು ತಯಾರಾಗಿ ಬಂದವರ ಗತಿಯೇ ಇದು. ನಮ್ಮ ಗ್ರೂಪುಗಳಿಗೆ ಹಾಗೆ ತಯಾರಾಗಿ ಬರುವವರು ಯಾರು?

ಹಾಗಾದರೆ ಬದಲಾಗುವುದೇನು?

ದೇವರ ಬಗೆಗಿನ ನಂಬಿಕೆ ಬದಲಾಗದಿದ್ದರೂ ನೆರೆಯವನ ಬಗೆಗಿನ ನಂಬಿಕೆ ಬೇಗ ಬದಲಾಗುತ್ತದೆ. ನಮಗೆ ಚಿಂತೆ ಇರುವುದು ಇಲ್ಲಿ.

ನಮ್ಮ ಕಡೆ ಮೊಹರಂನಲ್ಲಿ ಅಲಾಯಿ ದೇವರಿಗೆ ಹರಕೆ ಹೊರುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ಉರುಸಿಗೆ ಹೋಗುವ ಹಿಂದೂಗಳು, ಜಾತ್ರೆಯಲ್ಲಿ ತೇರಿಗೆ ಉತ್ತತ್ತಿ ಎಸೆಯುವ ಮುಸ್ಲಿಮರು ನಮ್ಮ ಊರುಗಳಿಗೆ ಹೊಸಬರಲ್ಲ. ಹಿರಿಯರು ಇದಕ್ಕೆ ಯಾವ ಗ್ರಂಥದ ಆಧಾರವನ್ನೂ ಹುಡುಕಲಿಲ್ಲ. ಈಗ ಫೋನಿನಲ್ಲಿ ಎರಡು ಕಡೆಯಿಂದಲೂ ವಿಡಿಯೋ ಬರುತ್ತವೆ. ಹಿಂದೂ ಆದವನು ಅಲ್ಲಿಗೆ ಯಾಕೆ ಹೋಗಬೇಕು ಅನ್ನುತ್ತದೆ ಒಂದು. ಮುಸಲ್ಮಾನನಾಗಿ ಇದನ್ನು ಮಾಡುವುದು ಪಾಪ ಅನ್ನುತ್ತದೆ ಇನ್ನೊಂದು. ಇವೆರಡೂ ಒಂದನ್ನೊಂದು ಬೈಯುತ್ತವೆ, ಆದರೆ ನಮ್ಮ ಊರಿನ ಅಲಾಯಿ ಕುಣಿಯ ಹತ್ತಿರ ಮಂದಿ ಕಡಿಮೆಯಾಗಬೇಕು ಎಂಬ ವಿಚಾರದಲ್ಲಿ ಎರಡಕ್ಕೂ ಒಂದೇ ಅಭಿಪ್ರಾಯ. ಅಜ್ಜನಿಗೆ ಇದು ನಾಟುವುದಿಲ್ಲ. ಹದಿನೆಂಟರ ಮೊಮ್ಮಗ ಮಾತ್ರ ಈ ವರ್ಷ ಹೋಗುವುದಿಲ್ಲ.

ಆಳಂದದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಾಡ್ಲೆ ಮಶಾಕ್ ದರ್ಗಾದ ಆವರಣದಲ್ಲಿ ರಾಘವ ಚೈತನ್ಯ ಶಿವಲಿಂಗವಿದೆ. ಅಲ್ಲಿನ ಪೂಜೆಯ ವಿಚಾರ 2022ರ ಶಿವರಾತ್ರಿಯಲ್ಲಿ ಗಲಾಟೆಗೆ ತಿರುಗಿತು, ಆಗ ನಿಷೇಧಾಜ್ಞೆಯೂ ಇತ್ತು. 2025ರ ಶಿವರಾತ್ರಿಗೆ ಹೈಕೋರ್ಟಿನ ಕಲಬುರಗಿ ಪೀಠ 15 ಮಂದಿಗೆ ಪೂಜೆಯ ಅವಕಾಶ ಕೊಟ್ಟಿತು. ಯಾರದು ಸರಿ ಎಂಬುದನ್ನು ಇಲ್ಲಿ ತೀರ್ಮಾನಿಸಲು ನಾವು ಕೂತಿಲ್ಲ. ನಾವು ಗಮನಿಸಿದ್ದು ಇಷ್ಟೇ: ಎಷ್ಟು ಫಾರ್ವರ್ಡ್ ಹರಿದಾಡಿದರೂ ಅದರಿಂದ ಯಾವ ಪ್ರಶ್ನೆಯೂ ಬಗೆಹರಿಯಲಿಲ್ಲ. ಅಂಗಡಿ ಬಾಗಿಲು ಹಾಕಿ ಕೂತದ್ದು ಎರಡೂ ಕಡೆಯ ವ್ಯಾಪಾರಿಗಳು.

ಸುಮ್ಮನೆ ಓದುವವರು

ಇಷ್ಟು ಹೇಳಿ ವಾದವೇ ಬೇಡ ಅಂದುಬಿಟ್ಟರೆ ನಾವು ಅರ್ಧ ಸತ್ಯ ಹೇಳಿದಂತೆ. "ಮೊದಲು ಕಟ್ಟೆ ಮ್ಯಾಲ ಕುಂತು ಮಾತಾಡ್ತಿದ್ರು, ಅದೇ ಛಲೋ ಇತ್ತು" ಎಂದು ಹಿರಿಯರು ಹೇಳುತ್ತಾರೆ. ಆದರೆ ಆ ಕಟ್ಟೆಯ ಮೇಲೆ ಯಾರು ಕೂಡುತ್ತಿದ್ದರು? ಕೇರಿಯ ಹುಡುಗನಿಗೆ ಅಲ್ಲಿ ಜಾಗವಿರಲಿಲ್ಲ, ಹೆಣ್ಣುಮಕ್ಕಳಿಗಂತೂ ಇರಲೇ ಇಲ್ಲ. ಗುಡಿಯ ಬಾಗಿಲಲ್ಲಿ ಕೇಳಲಾಗದ ಪ್ರಶ್ನೆಯನ್ನು ಫೋನಿನಲ್ಲಿ ಮೊದಲ ಸಲ ಕೇಳಿದವರು ನಮ್ಮ ಗೆಳೆಯರಲ್ಲೇ ಇದ್ದಾರೆ.

ದೊಡ್ಡ ವಾದಗಳ ಚರಿತ್ರೆಯನ್ನೂ ನೋಡಿ. 1936ರಲ್ಲಿ ಲಾಹೋರಿನಲ್ಲಿ ಮಾಡಬೇಕಿದ್ದ ಭಾಷಣ ರದ್ದಾದಾಗ ಅಂಬೇಡ್ಕರ್ ಅದನ್ನು ತಾವೇ ಅಚ್ಚು ಹಾಕಿಸಿದರು. ಅದೇ ಜಾತಿ ವಿನಾಶದ ಪುಸ್ತಕ. ಗಾಂಧೀಜಿ "ಹರಿಜನ" ಪತ್ರಿಕೆಯಲ್ಲಿ ಅದಕ್ಕೆ ಉತ್ತರ ಬರೆದರು. ಅಂಬೇಡ್ಕರ್ ಮರು ಉತ್ತರ ಕೊಟ್ಟರು. ಇಬ್ಬರಲ್ಲಿ ಯಾರೂ ಸೋತೆ ಅನ್ನಲಿಲ್ಲ. ಆದರೆ ಆ ವಾದವನ್ನು ಓದಿದವರು ತಲೆಮಾರುಗಳ ತನಕ ಬದಲಾಗುತ್ತಲೇ ಇದ್ದಾರೆ. ಗಾಂಧೀಜಿಯವರೂ ಅಂತರ್ಜಾತಿ ಮದುವೆಯ ವಿಚಾರದಲ್ಲಿ ತಮ್ಮ ನಿಲುವನ್ನು ಮುಂದಿನ ಹತ್ತು ವರ್ಷದಲ್ಲಿ ಸಾಕಷ್ಟು ಬದಲಿಸಿಕೊಂಡರು.

ಹಿಂದೂವಾಗಿ ಸಾಯುವುದಿಲ್ಲ ಎಂದು ಅಂಬೇಡ್ಕರ್ ಯೇವಲಾದಲ್ಲಿ ಸಾರಿದ್ದು 1935ರಲ್ಲಿ. ನಾಗಪುರದಲ್ಲಿ ಬೌದ್ಧ ಧಮ್ಮ ಸ್ವೀಕರಿಸಿದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ. ಅಷ್ಟು ಓದಿದ ಮನುಷ್ಯನೇ ಇಷ್ಟು ಕಾಲ ತೆಗೆದುಕೊಂಡಿರುವಾಗ, ಸೋದರಮಾವನನ್ನು ಒಂದೇ ರಾತ್ರಿಯಲ್ಲಿ ಬದಲಿಸುತ್ತೇವೆ ಎಂದು ನಾವು ಹೊರಡುತ್ತೇವೆ.

ಅಫಜಲಪುರ ಕಡೆಯ ಒಬ್ಬ ಹುಡುಗಿಯ ಮಾತು ಹೇಳುತ್ತೇವೆ. ಮುಟ್ಟಾದಾಗ ದೇವರ ಕೆಲಸದಿಂದ ದೂರ ಇರಬೇಕೋ ಬೇಡವೋ ಎಂಬ ವಾದ ಒಂದು ಗ್ರೂಪಿನಲ್ಲಿ ವಾರವಿಡೀ ನಡೆಯಿತು. ಬರೆದವರೆಲ್ಲ ಗಂಡಸರು. ಆಕೆ ಒಂದಕ್ಷರ ಬರೆಯಲಿಲ್ಲ, ಎಲ್ಲವನ್ನೂ ಓದಿದಳು. ತಿಂಗಳುಗಳ ಮೇಲೆ ಎಳ್ಳಮಾಸಿ ಬಂತು. ಹೊಲಕ್ಕೆ ಚರಗ ಚೆಲ್ಲಲು ಎಲ್ಲರೂ ಹೊರಟಾಗ ಆಕೆ ಹೊರಗಾಗಿದ್ದಳು. ರೊಟ್ಟಿ ಬುತ್ತಿ ಕಟ್ಟುತ್ತಿದ್ದ ಅವ್ವನನ್ನು ಮೆಲ್ಲಗೆ ಕೇಳಿದಳು, "ಯವ್ವಾ, ಭೂಮಿತಾಯಿನೂ ಹೆಣ್ಣ ಅಲ್ಲೇನು? ಆಕಿಗಿ ಯಾಕ ಮೈಲಿಗಿ ಆಗತದ?" ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಬುಟ್ಟಿ ಹಿಡಕೊ, ನಡಿ" ಅಂದಳು.

ಆ ಗ್ರೂಪಿನಲ್ಲಿ ವಾದ ಮಾಡಿದವರಿಗೆ ಇದು ಇಂದಿಗೂ ಗೊತ್ತಿಲ್ಲ. ಗ್ರೂಪಿನ ವಾದ ಮಗಳಿಗೆ ಪ್ರಶ್ನೆ ಕೊಟ್ಟಿತು. ಅವ್ವನ ಮನಸ್ಸು ತಿರುಗಿದ್ದು ಮಾತ್ರ ಎದುರಿಗೆ ಕೂತ ಮಗಳು ಮೆಲ್ಲಗೆ ಕೇಳಿದ್ದರಿಂದ.

ನಮ್ಮ ನೆಲದ ವಾದ

ವಾದ ಮಾಡುವುದನ್ನು ನಾವು ಫೋನಿನಿಂದ ಕಲಿತವರಲ್ಲ. ನಮ್ಮ ಕಡೆಯ ಗೀಗೀ ಮೇಳಗಳಲ್ಲಿ ಹರದೇಶಿ ಮತ್ತು ನಾಗೇಶಿ ಎಂಬ ಎರಡು ಪಕ್ಷಗಳಿವೆ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಹಾಡುತ್ತಾರೆ. ಶಿವ ದೊಡ್ಡವನೋ ಶಕ್ತಿ ದೊಡ್ಡವಳೋ ಎಂಬ ತತ್ವದ ಪ್ರಶ್ನೆಯನ್ನು ಬೆಳತನಕ ಸವಾಲು ಜವಾಬಿನಲ್ಲಿ ಹಾಡುತ್ತಾರೆ. ಎದುರಿನವರ ಸವಾಲನ್ನು ಪೂರ್ತಿ ಕೇಳದೆ ಜವಾಬು ಹಾಡಲು ಬರುವುದಿಲ್ಲ. ಕೇಳುವವರು ಎರಡೂ ಕಡೆಯ ಮಾತನ್ನು ಮನೆಗೆ ಒಯ್ಯುತ್ತಾರೆ. ಬೆಳಗಾದ ಮೇಲೆ ಎರಡೂ ಮೇಳದವರು ಒಂದೇ ಒಲೆಯ ಚಹಾ ಕುಡಿಯುತ್ತಾರೆ.

ತತ್ವಪದದ ಕಡಕೋಳ ಮಡಿವಾಳಪ್ಪನವರು ಇದೇ ನೆಲದವರು. ಹಿಂದೆ ಜೇವರ್ಗಿ ತಾಲೂಕಿನಲ್ಲಿದ್ದ ಕಡಕೋಳ ಈಗ ಯಡ್ರಾಮಿ ತಾಲೂಕಿಗೆ ಸೇರಿದೆ. ಅವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರೂ ಒಬ್ಬರು. ಇಂಥ ಗುರು ಶಿಷ್ಯ ಸಂಬಂಧ ಒಂದು ವಾದ ಗೆದ್ದು ಬಂದದ್ದಲ್ಲ, ವರ್ಷಗಟ್ಟಲೆ ಜೊತೆಗೆ ಕೂತು ಹಾಡಿ, ಉಂಡು ಬಂದದ್ದು.

ನಾವು ಮಾಡಿಕೊಂಡ ಕಟ್ಟಳೆ

ಗ್ರೂಪುಗಳಲ್ಲಿ ಜಗಳವಾಡಿ ಕೈಸುಟ್ಟುಕೊಂಡವರು ನಾವೂ ಹೌದು. ಆದ್ದರಿಂದ ನಮಗೆ ನಾವೇ ಕೆಲವು ಕಟ್ಟಳೆ ಹಾಕಿಕೊಂಡಿದ್ದೇವೆ.

ಎರಡು ಸಲ ಉತ್ತರ ಬರೆದ ಮೇಲೆ ಗ್ರೂಪಿನಲ್ಲಿ ಮುಂದುವರಿಸುವುದಿಲ್ಲ. ಫೋನ್ ಮಾಡುತ್ತೇವೆ, ಆಗದಿದ್ದರೆ ಮನೆಗೇ ಹೋಗುತ್ತೇವೆ.

ಫಾರ್ವರ್ಡ್ ಬಂದ ವಿಡಿಯೋಗೆ ಇನ್ನೊಂದು ವಿಡಿಯೋ ಉತ್ತರವಲ್ಲ. ಹೇಳುವುದಿದ್ದರೆ ಸ್ವಂತ ಮಾತಿನಲ್ಲಿ ಹೇಳುತ್ತೇವೆ.

"ನೀವು ತಪ್ಪು" ಎನ್ನುವ ಮೊದಲು "ನಿಮಗ ಹಿಂಗ ಯಾಕ ಅನಸ್ತದ?" ಎಂದು ಕೇಳುತ್ತೇವೆ.

ಆದರೆ ಒಂದು ಜಾತಿಯವರನ್ನೋ ಧರ್ಮದವರನ್ನೋ ಹೊಡೆಯಿರಿ ಎಂಬ ಮಾತು ಬಂದರೆ, ಸುಳ್ಳು ಸುದ್ದಿ ಬಂದರೆ ಸುಮ್ಮನಿರುವುದಿಲ್ಲ. 2018ರ ಜುಲೈನಲ್ಲಿ ಪಕ್ಕದ ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಗೆ ಒಬ್ಬ ಅಮಾಯಕ ಯುವಕನ ಜೀವ ಹೋಯಿತು. ಅಂಥ ಕಡೆ ವಾದಕ್ಕೆ ಇಳಿಯದೆ "ಇದು ಸುಳ್ಳು" ಎಂದು ಎಲ್ಲರಿಗೂ ಕಾಣುವಂತೆ ಬರೆದು, ಪೊಲೀಸರಿಗೆ ತಿಳಿಸಬೇಕು. ಬರೆದವನು ಬದಲಾಗದಿದ್ದರೂ ಸುಮ್ಮನೆ ಓದುತ್ತಿರುವ ನೂರು ಮಂದಿಗೆ ಅದು ಬೇಕು.

ಕಾಕಾ ಮತ್ತು ಹುಡುಗನ ವಿಷಯಕ್ಕೆ ಮರಳುತ್ತೇವೆ. ಕೊರೊನಾ ಕಾಲದಲ್ಲಿ ಕಾಕಾಗೆ ಉಸಿರಾಟದ ತೊಂದರೆಯಾದಾಗ ರಾತ್ರಿ ಕಲಬುರಗಿಗೆ ಗಾಡಿ ಹೊಡೆದುಕೊಂಡು ಹೋದವನು ಅದೇ ಹುಡುಗ. ಆಸ್ಪತ್ರೆಯಲ್ಲಿ ಎಂಟು ದಿನ ಇಬ್ಬರೂ ಜೊತೆಗಿದ್ದರು. ಈಗ ಮತ್ತೆ ಎರಡೂ ಹೊಲಕ್ಕೆ ಒಂದೇ ರಾಶಿ ಮಷಿನ್ ಬರುತ್ತದೆ. ವೀರಶೈವವೋ ಲಿಂಗಾಯತವೋ ಎಂಬ ವಾದ ಮುಗಿದಿಲ್ಲ, ಕಣದಲ್ಲಿ ಕೂತು ಆಗಾಗ ನಡೆಯುತ್ತದೆ. ಹೋದ ಸಲ ನಾವೂ ಅಲ್ಲಿದ್ದೆವು. ಕಾಕಾ ಪೂರ್ತಿ ಕೇಳಿಸಿಕೊಂಡು, "ನೀ ಹೇಳೂದರಾಗೂ ಒಂದೀಟು ಖರೆ ಅದ" ಅಂದರು. ಗ್ರೂಪಿನಲ್ಲಿ ಈ ಮಾತನ್ನು ಅವರು ಎಂದೂ ಬರೆಯುತ್ತಿರಲಿಲ್ಲ.

ನಿಮ್ಮ ಊರಿನ ಗ್ರೂಪಿನಲ್ಲಿ ಇಂಥ ವಾದ ನಡೆದು ಯಾರ ಮನಸ್ಸಾದರೂ ನಿಜವಾಗಿ ಬದಲಾಗಿದ್ದರೆ ನಮಗೆ ಬರೆದು ತಿಳಿಸಿ. ನಮ್ಮ ಮಾತು ತಪ್ಪೆಂದು ಅನಿಸಿದರೆ ಅದನ್ನೂ ಬರೆಯಿರಿ, ಓದಿಯೇ ಉತ್ತರ ಕೊಡುತ್ತೇವೆ.