ಕೈಗುಣವಲ್ಲ, ಕಾವಿನ ಲೆಕ್ಕ

ನಮ್ಮ ಅಡಿಗೆಮನೆಗಳಿಂದ ಒಂದು ಮಾತನ್ನು ಹೊರಗೆ ಹಾಕಬೇಕೆಂದು ನನಗೆ ಬಹಳ ದಿನದಿಂದ ಅನ್ನಿಸುತ್ತಿದೆ. ಅದು ಬೈಗುಳವಲ್ಲ, ಹೊಗಳಿಕೆಯ ಮಾತೇ. 'ಕೈಗುಣ' ಎಂಬುದು ಆ ಮಾತು. 'ಅವರ ಮನೆಯ ಕಾಫಿ ಅಂದರೆ ಕಾಫಿ, ಆಕೆಯ ಕೈಗುಣವೇ ಅಂಥದು' ಎಂದು ಯಾರಾದರೂ ಹೇಳಿದರೆ ನಾವು ಹಿಗ್ಗುತ್ತೇವೆ. ಹಿಗ್ಗುವ ಮೊದಲು ಆ ಮಾತನ್ನು ಒಮ್ಮೆ ಮಗುಚಿ ನೋಡಬೇಡವೇ? ಕೈಗುಣ ಎಂದರೆ ಹುಟ್ಟಿನಿಂದ ಬಂದದ್ದು, ಕಲಿತದ್ದಲ್ಲ. ಕಲಿತದ್ದಲ್ಲ ಎಂದ ಮೇಲೆ ಅದಕ್ಕೆ ಬುದ್ಧಿ ಬೇಕಿಲ್ಲ. ಬುದ್ಧಿ ಬೇಕಿಲ್ಲ ಎಂದ ಮೇಲೆ ಅದಕ್ಕೆ ಮರ್ಯಾದೆಯೂ ಇಲ್ಲ, ರಜೆಯೂ ಇಲ್ಲ.

ನನ್ನ ತವರು ಶಿರಾ, ಸೇರಿದ್ದು ಮಧುಗಿರಿ. ಅಕ್ಕನನ್ನು ಪಾವಗಡಕ್ಕೆ ಕೊಟ್ಟಿದೆ, ಸೋದರತ್ತೆ ಇರುವುದು ಕೊರಟಗೆರೆಯಲ್ಲಿ. ನಾಲ್ಕೂ ಮನೆಗಳಲ್ಲಿ ಬೆಳಗಾಗುವುದು ಸ್ಟೀಲಿನ ಫಿಲ್ಟರಿನಿಂದಲೇ. ಈಚೆಗೆ ನನ್ನ ಮೈದುನ ಬೆಂಗಳೂರಿನಿಂದ ಒಂದು ಎಸ್‌ಪ್ರೆಸೊ ಯಂತ್ರ ತಂದಿದ್ದಾನೆ. ನೀರಿನ ಶಾಖವನ್ನು ಒಂದೊಂದೇ ಡಿಗ್ರಿ ಏರಿಸಿ ಇಳಿಸುವ ಗುಂಡಿ ಅದರಲ್ಲಿದೆ. ಅವನು ಒಂದು ನೋಟ್‌ಬುಕ್ ಇಟ್ಟುಕೊಂಡು ಇವತ್ತು 92, ನಾಳೆ 94 ಎಂದು ಬರೆಯುತ್ತಾನೆ. 'ಅತ್ತಿಗೆ, ಈಗ 93ಕ್ಕೆ ಇಟ್ಟಿದ್ದೀನಿ, ಕುಡಿದು ನೋಡಿ' ಎಂದು ಲೋಟ ಹಿಡಿಯುತ್ತಾನೆ. ಕಾಫಿ ಚೆನ್ನಾಗಿಯೇ ಇರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಮನೆಗೆ ಬಂದವರು ಅವನಿಗೆ ಹೇಳುವ ಮಾತು ಕೇಳಿ: 'ಎಷ್ಟು ತಿಳಿದುಕೊಂಡಿದ್ದಾನೆ ನೋಡಿ, ಇದು ವಿಜ್ಞಾನ!' ಐವತ್ತು ವರ್ಷ ಅದೇ ಮನೆಯಲ್ಲಿ ಕಾಫಿ ಮಾಡಿದ ನನ್ನ ಅತ್ತೆಯದು ಮಾತ್ರ ಕೈಗುಣ. ಒಂದೇ ಕೆಲಸಕ್ಕೆ ಎರಡು ಹೆಸರು. ನನ್ನ ತಕರಾರು ಯಂತ್ರದ ಮೇಲಲ್ಲ, ಈ ಎರಡು ಹೆಸರಿನ ಮೇಲೆ.

ಆ ಯಂತ್ರ ಮಾಡುವುದೇನು? ನುಣ್ಣಗೆ ಬೀಸಿದ ಪುಡಿಯ ಮೂಲಕ ಬಿಸಿನೀರನ್ನು ಭಾರಿ ಒತ್ತಡದಲ್ಲಿ, ಸುಮಾರು 25-30 ಸೆಕೆಂಡಿನಲ್ಲಿ ಹಾಯಿಸುತ್ತದೆ. ನೀರಿನ ಶಾಖ 90ರಿಂದ 96 ಡಿಗ್ರಿಯೊಳಗೆ ಇರಬೇಕೆಂಬುದು ಬಲ್ಲವರ ಲೆಕ್ಕ. ಕಾವು ಕಡಿಮೆಯಾದರೆ ಪುಡಿಯ ಸಾರ ಪೂರ್ತಿ ಇಳಿಯುವುದಿಲ್ಲ, ಹುಳಿ ಮುಂದಾಗುತ್ತದೆ. ಹೆಚ್ಚಾದರೆ ಬೇಡದ ಒಗರು, ಕಹಿ ಎಲ್ಲ ಇಳಿದು ಬರುತ್ತದೆ. ಕಪ್ಪಗೆ ಹುರಿದ ಬೀಜಕ್ಕೆ ಕಾವು ಕಡಿಮೆ ಸಾಕು, ಎಳಸಾಗಿ ಹುರಿದದ್ದಕ್ಕೆ ಹೆಚ್ಚು ಬೇಕು. ಈ ಹದ ಇಟಲಿಯವರಿಗೂ ಒಂದೇ ದಿನಕ್ಕೆ ಸಿಕ್ಕಿದ್ದಲ್ಲ. ಮಿಲಾನ್ ನಗರದ ಲೂಯಿಜಿ ಬೆಝೆರಾ 1901ರಲ್ಲಿ ಯಂತ್ರಕ್ಕೆ ಪೇಟೆಂಟ್ ಪಡೆದಾಗ ನೀರನ್ನು ತಳ್ಳುತ್ತಿದ್ದದ್ದು ಹಬೆ. ಆ ಅತಿ ಶಾಖಕ್ಕೆ ಕಾಫಿ ಸೀದ ಹಾಗಾಗುತ್ತಿತ್ತು. ಅದೇ ಊರಿನ ಅಕೀಲ್ಲೆ ಗಾಜಿಯಾನ ಸನ್ನೆಯ ಯಂತ್ರಗಳು 1948ರ ಹೊತ್ತಿಗೆ ಬಂದ ಮೇಲೆಯೇ ಹಬೆಯ ಹಂಗು ತಪ್ಪಿ ಕಾವು ಹದಕ್ಕೆ ಬಂದದ್ದು. ಹೆಚ್ಚುಕಡಿಮೆ ಐವತ್ತು ವರ್ಷ! ಅಷ್ಟು ವರ್ಷ ಅವರ ಕಾಫಿ ಕಹಿಯಾಗಿದ್ದಾಗ 'ಬೆಝೆರಾನ ಕೈಗುಣ ಸರಿಯಿಲ್ಲ' ಎಂದು ಯಾರಾದರೂ ಅಂದರೇ?

ಈಗ ನನ್ನ ಅತ್ತೆ ಮಾಡುತ್ತಿದ್ದದ್ದನ್ನು ನೋಡಿ. ಪುಡಿ ಹಾಕುವ ಮೊದಲು ಫಿಲ್ಟರಿಗೆ ಬಿಸಿನೀರು ಹುಯ್ದು ಚೆಲ್ಲುತ್ತಿದ್ದರು. ಯಂತ್ರದ ಜೊತೆ ಬಂದ ಪುಸ್ತಕವೂ ಅದನ್ನೇ ಹೇಳುತ್ತದೆ: ಮೊದಲು ಪಾತ್ರೆ ಕಾಯಲಿ, ಇಲ್ಲವಾದರೆ ತಣ್ಣನೆಯ ಲೋಹ ನೀರಿನ ಕಾವನ್ನು ನುಂಗುತ್ತದೆ. ನೀರು ಸುಂಯ್‌ಗುಟ್ಟುವ ಸದ್ದು, ತಳದಲ್ಲಿ ಸಾಸಿವೆಯಂಥ ಗುಳ್ಳೆ, ಆಮೇಲೆ ಮರಳುವ ಕುದಿ, ಈ ಮೂರನ್ನೂ ಅವರು ಕಿವಿಯಿಂದಲೇ ಬೇರೆಬೇರೆ ಗುರುತಿಸುತ್ತಿದ್ದರು. ಕುದಿ ಬಂದ ನೀರನ್ನು ತೂತಿನ ಬಿಲ್ಲೆಯ ಮೇಲೆ ಸಣ್ಣ ಧಾರೆಯಾಗಿ ಬಿಟ್ಟು, ಮುಚ್ಚಳ ಹಾಕಿ ಸುಮ್ಮನಾಗುತ್ತಿದ್ದರು. ಇಳಿದ ಡಿಕಾಕ್ಷನ್ನನ್ನು ಮತ್ತೆ ಕುದಿಸಗೊಡುತ್ತಿರಲಿಲ್ಲ. ಹಾಲನ್ನು ಮಾತ್ರ ಚೆನ್ನಾಗಿ ಕಾಯಿಸಿ ಬೆರೆಸುತ್ತಿದ್ದರು. ಇದರಲ್ಲಿ ಯಾವುದು ಕೈಯ ಗುಣ? ಎಲ್ಲವೂ ಕಿವಿ, ಕಣ್ಣು, ತಲೆಯ ಕೆಲಸ. ಡಿಗ್ರಿ ಎಂಬ ಹೆಸರು ಇರಲಿಲ್ಲ, ಅಷ್ಟೆ.

'ಕುದಿಯುವ ನೀರು ಹುಯ್ಯಬಾರದಂತೆ ಅತ್ತಿಗೆ, 96 ದಾಟಬಾರದು' ಎಂದು ಮೈದುನ ಅತ್ತೆಯ ಪದ್ಧತಿಗೆ ತಪ್ಪು ಹಿಡಿದ. ನಾನು ಕೇಳಿದೆ: 'ಏನಪ್ಪ, ನಮ್ಮೂರಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತೆ?' ನೂರಕ್ಕೆ ಎಂದ. ನೂರು ಸಮುದ್ರದ ದಡದ ಲೆಕ್ಕ. ಮುನ್ನೂರು ಮೀಟರ್ ಮೇಲೇರಿದರೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ನಮ್ಮ ನಾಲ್ಕು ಊರುಗಳೂ ಸಮುದ್ರಮಟ್ಟದಿಂದ ಸುಮಾರು 650ರಿಂದ 800 ಮೀಟರ್ ಎತ್ತರದಲ್ಲಿವೆ. ಇಲ್ಲಿ ನೀರು 97-98ಕ್ಕೇ ಕುದಿಯುತ್ತದೆ. ಮಧುಗಿರಿ ಬೆಟ್ಟದ ತುದಿಗೆ ಒಲೆ ಹೊತ್ತುಕೊಂಡು ಹೋದರೆ 96ಕ್ಕೇ ಕುದಿ ಬಂದೀತು. ಇನ್ನು ಆ ನೀರು ಪಾತ್ರೆಯಿಂದ ಜಾರಿ, ಗಾಳಿಗೆ ಸೋಕಿ, ಪುಡಿಯ ಮೇಲೆ ಬೀಳುವಷ್ಟರಲ್ಲಿ ಮತ್ತೆ ಕೆಲವು ಡಿಗ್ರಿ ಕಳೆದಿರುತ್ತದೆ. ಯಂತ್ರ ಅರ್ಧ ನಿಮಿಷದಲ್ಲಿ ಮುಗಿಸುವ ಕೆಲಸಕ್ಕೆ ಫಿಲ್ಟರಿಗೆ ಕಾಲು ಗಂಟೆಗೂ ಹೆಚ್ಚು ಬೇಕು, ಅಷ್ಟು ಹೊತ್ತೂ ಕಾವು ಇಳಿಯುತ್ತಲೇ ಇರುತ್ತದೆ. ಹಾಗಾಗಿ ಫಿಲ್ಟರಿಗೆ ಕುದಿಯುವ ನೀರೇ ಸರಿ. ಪರದೇಶದ ಪುಸ್ತಕದ ಅಂಕಿಗಿಂತ ಅತ್ತೆಯ ಕಿವಿ ನಮ್ಮೂರಿಗೆ ಹತ್ತಿರವಿತ್ತು.

'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಎಂಬ ಗಾದೆಯನ್ನು ನಮ್ಮ ಮುಖಕ್ಕೆ ಎಷ್ಟು ಸಲ ಎಸೆದಿಲ್ಲ! ನಾನು ಕೇಳುತ್ತೇನೆ, ನೆಲ ನಿಜವಾಗಿಯೂ ಡೊಂಕಾಗಿದ್ದರೆ? ಮದುವೆಯಾದ ಹೊಸತರಲ್ಲಿ ಅಕ್ಕನಿಗೆ ಪಾವಗಡದಲ್ಲಿ 'ಶಿರಾದವರಿಗೆ ಕಾಫಿ ಮಾಡಲು ಬರುವುದಿಲ್ಲ' ಎಂಬ ಬಿರುದು ಬಂತು. ಆ ಮನೆಗೆ ಬರುತ್ತಿದ್ದದ್ದು ಆಳದ ಕೊಳವೆಬಾವಿಯ ಗಡಸು ನೀರು. ಕಾಯಿಸಿದ ಪಾತ್ರೆಯ ತಳದಲ್ಲಿ ಸುಣ್ಣದ ಪೊರೆ ಕೂರುತ್ತಿತ್ತು. ಅಂಥ ನೀರಿನ ಕ್ಷಾರ ಕಾಫಿಯ ನವಿರಾದ ಹುಳಿಯನ್ನು ಕೊಂದು ರುಚಿಯನ್ನು ಸಪ್ಪೆ ಮಾಡುತ್ತದೆ. ಯಂತ್ರವಿದ್ದಿದ್ದರೆ ಅದರ ಹೊಟ್ಟೆಯೊಳಗೂ ಅದೇ ಸುಣ್ಣ ಕಟ್ಟಿ ಕಾವಿನ ಲೆಕ್ಕವೇ ತಪ್ಪುತ್ತಿತ್ತು. ಯಂತ್ರ ಕೆಟ್ಟರೆ ನೀರು ಸರಿಯಿಲ್ಲ ಎನ್ನುತ್ತಾರೆ, ಹೆಂಗಸಿನ ಕಾಫಿ ಕೆಟ್ಟರೆ ಹೆಂಗಸೇ ಸರಿಯಿಲ್ಲ!

ಪುಡಿಯ ಕಥೆಯೂ ಇದೇ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51 ಇದ್ದರೆ ಸಾಕು ಎನ್ನುತ್ತದೆ ಕಾನೂನು. ಅಂದರೆ ಉಳಿದ ಶೇ. 49 ಚಿಕೋರಿಯಾಗಿರಬಹುದು. ಪೊಟ್ಟಣದ ಮೇಲೆ ಅದರ ಪ್ರಮಾಣ ಅಚ್ಚಾಗಿರುತ್ತದೆ. ಅಗ್ಗವೆಂದು ಆ ಪುಡಿ ತಂದವರು ಯಾರೋ, ಕಹಿಯೆಂದು ಬೈಸಿಕೊಳ್ಳುವವರು ಯಾರೋ.

ಕಾವಿನ ತಿಳಿವಳಿಕೆ ಬರೀ ರುಚಿಯ ಮಾತೂ ಅಲ್ಲ. ಪಾವಗಡ, ಶಿರಾ, ಮಧುಗಿರಿ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಇದೆಯೆಂಬುದು ಹಳೆಯ ಸಂಗತಿ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಹಲ್ಲಿಗೂ ಮೂಳೆಗೂ ಕೇಡು. 'ಚೆನ್ನಾಗಿ ಕುದಿಸಿ ಕುಡಿಯಿರಿ, ಎಲ್ಲ ಹೋಗುತ್ತದೆ' ಎನ್ನುವವರು ಇಂದಿಗೂ ಇದ್ದಾರೆ. ಕುದಿಗೆ ಸಾಯುವುದು ರೋಗಾಣು, ಫ್ಲೋರೈಡ್ ಅಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತದೆ. ಕಾಫಿಗೂ ಅಡಿಗೆಗೂ ಶುದ್ಧ ನೀರಿನ ಘಟಕದ ಕ್ಯಾನಿನ ನೀರನ್ನೇ ಬಳಸಬೇಕೆಂದು ಅಕ್ಕ ಹಟ ಹಿಡಿದದ್ದು ಇದಕ್ಕೇ. ಹಾಗೆ ಹಟ ಹಿಡಿಯಲು ಬೇಕಾದದ್ದು ತಿಳಿವಳಿಕೆ. ಕೈಗುಣದಿಂದ ಆಗುವ ಕೆಲಸವಲ್ಲ ಅದು.

'ಒಂದು ಲೋಟ ಕಾಫಿಗೆ ಇಷ್ಟು ಮಾತೇ?' ಎಂದು ಕೇಳುವವರಿದ್ದಾರೆ. ಲೋಟ ಸಣ್ಣದು, ಅದರ ಹಿಂದಿನ ಕಟ್ಟುಪಾಡು ಸಣ್ಣದಲ್ಲ. ಕೈಗುಣವನ್ನು ಯಾರಿಗೂ ಕಲಿಸಲಾಗದು, ಆದ್ದರಿಂದ ಯಾರ ಜೊತೆಗೂ ಹಂಚಿಕೊಳ್ಳಲಾಗದು. ಕೊರಟಗೆರೆಯ ನನ್ನ ಸೋದರತ್ತೆ ಮಗಳ ಬಾಣಂತನಕ್ಕೆ ಹೋದವರು ಹತ್ತೇ ದಿನಕ್ಕೆ ಓಡಿಬರಬೇಕಾಯಿತು. 'ನಿನ್ನ ಕೈ ಕಾಫಿ ಇಲ್ಲದೆ ನನಗೆ ಆಗೋದಿಲ್ಲ ಕಣೇ' ಎಂದು ಮಾವ ಫೋನು ಮಾಡಿದ್ದರು. ಎಲ್ಲರೂ ಅದನ್ನು ಪ್ರೀತಿ ಎಂದರು. ನನಗೆ ಅದು ಬೇಡಿಯ ಹಾಗೆ ಕಂಡಿತು. ಬಾಣಂತಿ ಮಗಳು ಒಂದು ತಿಂಗಳು ಅಮ್ಮನನ್ನು ಬಯಸಿದ್ದಳು. ಒಂದು ಫಿಲ್ಟರಿಗೆ ಪುಡಿ ಹಾಕಿ ನೀರು ಹುಯ್ಯುವುದನ್ನು ಮಾವ ಕಲಿತಿದ್ದರೆ ಆ ತಿಂಗಳು ಅವಳಿಗೆ ಸಿಗುತ್ತಿತ್ತು.

ಆದ್ದರಿಂದ, ಯಂತ್ರ ಬಂದರೆ ಬರಲಿ. ಅದರ ಹದವನ್ನು ನೀವೂ ಕಲಿಯಿರಿ. ಮೊದಲು 93ಕ್ಕಿಡಿ. ಪುಡಿಯ ಅಳತೆ, ಬೀಸಿದ ಹದ ಬದಲಿಸದೆ ಕಾವನ್ನು ಮಾತ್ರ ಒಂದು ಡಿಗ್ರಿ ಬದಲಿಸಿ. ಹುಳಿಯಾದರೆ ಏರಿಸಿ, ಕಹಿಯಾದರೆ ಇಳಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಯಂತ್ರ ಬರದಿದ್ದರೂ ನಷ್ಟವಿಲ್ಲ. ನಿಮ್ಮ ಫಿಲ್ಟರಿನ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿ: ಇಷ್ಟು ಚಮಚ ಪುಡಿ, ಇಷ್ಟು ಲೋಟ ನೀರು, ಕುದಿ ಬಂದ ಕೂಡಲೆ ಹುಯ್ಯುವುದು, ಇಷ್ಟು ನಿಮಿಷ ಕಾಯುವುದು. ಅಕ್ಷರ ಬಲ್ಲವರೆಲ್ಲ ಅದನ್ನು ಓದಿ ಮಾಡಬಹುದು, ಗಂಡಸರೂ ಸಹ.

ಇನ್ನು ಮುಂದೆ ಯಾರಾದರೂ ನಿಮ್ಮ ಕೈಗುಣವನ್ನು ಹೊಗಳಿದರೆ ನಾಚಿ ತಲೆ ತಗ್ಗಿಸಬೇಡಿ. 'ಗುಣವಲ್ಲ, ಕಲಿತದ್ದು. ಬನ್ನಿ, ನಿಮಗೂ ಹೇಳಿಕೊಡುತ್ತೇನೆ' ಎಂದು ಫಿಲ್ಟರನ್ನು ಅವರ ಕೈಗೇ ಕೊಡಿ.