ಬಿತ್ತನೆ ಅರಿಶಿನ ಯಾರ ಮನೆಯಲ್ಲಿದೆ?



ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹುಡುಗರಿಗೆ ಅರಿಶಿನ ಹೊಸದಲ್ಲ. ನಮ್ಮ ಅವ್ವಂದಿರು ಕೂಲಿಗೆ ಹೋಗಿ ಕಿತ್ತಿದ್ದೇ ಅದನ್ನ. ಆದರೆ ನಮ್ಮದೇ ಅರ್ಧ ಎಕರೆಯಲ್ಲಿ ನೆಡಬೇಕಾದರೆ ಬಿತ್ತನೆ ಗೆಡ್ಡೆ ಎಲ್ಲಿಂದ ತರೋದು? ಎಕರೆಗೆ ಸುಮಾರು 10 ಕ್ವಿಂಟಾಲ್ ಬೇಕು. ಬಡವನ ಸಾಲ ಶುರುವಾಗೋದು ಅಲ್ಲೇ.

ಲೆಕ್ಕ ನೋಡಿ. 5 ಕ್ವಿಂಟಾಲ್ ಹಸಿ ಗೆಡ್ಡೆ ಬೇಯಿಸಿ ಒಣಗಿಸಿದರೆ ಉಳಿಯೋದು ಹೆಚ್ಚುಕಡಿಮೆ 1 ಕ್ವಿಂಟಾಲ್. ಈರೋಡಿನ ಮಂಡಿಗೆ ಹೋಗೋದು ಅದು. ಬಿತ್ತನೆಗೆ ಮಾರುವವನಿಗೆ ಸೌದೆ, ಕಣ, ಪಾಲಿಶ್ ಯಾವ ಖರ್ಚೂ ಇಲ್ಲ. ಹಾಗಂತ ಸುಲಭದ ಲಾಭವಲ್ಲ. ಫೆಬ್ರವರಿ-ಮಾರ್ಚಿನಲ್ಲಿ ಕಿತ್ತದ್ದನ್ನು ಮೇ-ಜೂನ್‌ವರೆಗೆ ನೆರಳಲ್ಲಿ, ಸೊಪ್ಪು ಮುಚ್ಚಿ ಕಾಯಬೇಕು. ಕೊಳೆ ಬಿದ್ದರೆ ರಾಶಿಯೇ ಹೋಯಿತು. ಒಂದೇ ಕೋಣೆಯ ಮನೆಯಲ್ಲಿ ಮಕ್ಕಳು ಮಲಗಬೇಕೋ, ಗೆಡ್ಡೆ ಮಲಗಬೇಕೋ? ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿರುವಾಗ ಕಾಯುವ ಗಂಡಸು ಯಾರು? ಹೊಲದಲ್ಲೇ ಮಾರಿ, ಮಳೆ ಬಿದ್ದಾಗ ಕೇಳಿದ ಬೆಲೆ ಕೊಟ್ಟು ತರಬೇಕಾಗುತ್ತದೆ.

ಕೋಳಿಕೋಡಿನ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಒಂದೇ ಕಣ್ಣಿನ ಚೂರುಗಳನ್ನು ಟ್ರೇಯಲ್ಲಿ ಸಸಿ ಮಾಡಿ ನೆಡುವ ಕ್ರಮ ತೋರಿಸಿದೆ. ಗೆಡ್ಡೆ ಬಹಳ ಕಡಿಮೆ ಸಾಕು. ನೆರಳು, ದಿನಾ ನೀರು ಬೇಕು. ಕೇರಿಯ ನಾಲ್ಕು ಮನೆ ಸೇರಿದರೆ ಆಗದ ಕೆಲಸವಲ್ಲ.

ಬಿತ್ತನೆಗೆ ದುಡ್ಡಿಲ್ಲವೆಂದು ಜಮೀನನ್ನೇ ಶುಂಠಿಯವರಿಗೆ ಗುತ್ತಿಗೆ ಕೊಡುವವರಿದ್ದಾರೆ. ಅದು ನಮ್ಮವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ, 1978ರ ಪಿ.ಟಿ.ಸಿ.ಎಲ್. ಕಾಯ್ದೆಯಲ್ಲಿ ಗುತ್ತಿಗೆಯೂ ಪರಭಾರೆಯೇ. ಸರ್ಕಾರದ ಅನುಮತಿ ಇಲ್ಲದೆ ನಡೆಯುವಂತಿಲ್ಲ. ಓದಿದ ನಾವು ಇದನ್ನ ಅಪ್ಪನಿಗೆ ಹೇಳಿದ್ದೀವಾ? ರಜೆಗೆ ಹೋದಾಗ ಟ್ರಂಕಿನಲ್ಲಿರುವ ಸಾಗುವಳಿ ಚೀಟಿ ತೆಗೆದು ಓದಿ ಹೇಳಿ. ಹಾಗೇ ಈ ಸಲ ಬಿತ್ತನೆಗೆ ಎಷ್ಟು ಗೆಡ್ಡೆ ಉಳಿದಿದೆ, ಅದನ್ನೂ ಕೇಳಿ ಬನ್ನಿ.