ಮಳೆಯ ಲೆಕ್ಕ ಉಂಟು, ಬಿಸಿಲಿನ ಲೆಕ್ಕ ಎಲ್ಲಿ?

ಕಾಫಿ ಬೆಳೆಗಾರರ ಮನೆಯಲ್ಲಿ ಮಳೆ ಪುಸ್ತಕ ಇಲ್ಲದಿರುವುದು ಅಪರೂಪ. ಹೂಮಳೆ ಎಂದು ಬಿತ್ತು, ಎಷ್ಟು ಇಂಚು, ಎಷ್ಟು ಸೆಂಟು ಎಂಬುದನ್ನು ಅಜ್ಜನ ಕಾಲದಿಂದ ಬರೆದಿಟ್ಟವರಿದ್ದಾರೆ. ಅದೇ ಮನೆಗಳಲ್ಲಿ ಕಳೆದ ಏಪ್ರಿಲಿನ ಬಿಸಿಲು ಎಷ್ಟಿತ್ತೆಂದು ಕೇಳಿದರೆ "ವಿಪರೀತ" ಎಂಬ ಉತ್ತರ ಬರುತ್ತದೆ. ವಿಪರೀತ ಎಂಬುದು ಅಂಕಿಯಲ್ಲ.

ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಏರುತ್ತಿರುವುದಕ್ಕೆ ಅಂಕಿ ಇದೆ. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿಯ ಮೌನಾ ಲೋವಾ ಪರ್ವತದಲ್ಲಿ ಅಳೆಯತೊಡಗಿದಾಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅದು ಸುಮಾರು 315 ಭಾಗವಿತ್ತು. ಈಗ 420ನ್ನು ದಾಟಿದೆ. ಬೆಂಗಳೂರಿನ ವಿಜ್ಞಾನಿಗಳು ಫ್ರಾನ್ಸಿನವರ ಜೊತೆಗೂಡಿ ಲಡಾಖಿನ ಹಾನ್ಲೆಯಲ್ಲೂ ಇದನ್ನು ಅಳೆದಿದ್ದಾರೆ. ಅಷ್ಟು ದೂರದ ಬೆಟ್ಟವೇಕೆ? ಈ ಅನಿಲ ಲೋಕದ ಗಾಳಿಯಲ್ಲೆಲ್ಲ ಬೆರೆಯುವುದರಿಂದ ಊರು, ಕಾಡುಗಳಿಂದ ದೂರವಾದ ಕೆಲವು ಕಡೆ ಅಳೆದರೆ ಸಾಕು. ನಮ್ಮ ತೋಟದೊಳಗೆ ಅಳೆದರೆ ರಾತ್ರಿಯೆಲ್ಲ ಮಣ್ಣು, ಗಿಡಮರಗಳು ಬಿಟ್ಟ ಉಸಿರು ಸೇರಿ ಬೆಳಗಿನ ಜಾವ ಅಂಕಿ ಏರುತ್ತದೆ, ಬಿಸಿಲು ಬಂದಮೇಲೆ ಇಳಿಯುತ್ತದೆ. ಅದು ತೋಟದ ಕತೆ, ಲೋಕದ್ದಲ್ಲ. ಆದ್ದರಿಂದ ಈ ಯಂತ್ರಕ್ಕೆ ಸದಸ್ಯರು ದುಡ್ಡು ಹಾಕಬೇಕಿಲ್ಲ.

ಉಷ್ಣತೆಯ ಮಾತು ಹಾಗಲ್ಲ. ಅದನ್ನು ಅವರವರ ತೋಟದಲ್ಲೇ ಅಳೆಯಬೇಕು. ಅಡಿಕೆಗೆ 14ರಿಂದ 36 ಡಿಗ್ರಿ, ಅರೇಬಿಕಾಕ್ಕೆ 15ರಿಂದ 25, ರೊಬಸ್ಟಾಕ್ಕೆ 20ರಿಂದ 30 ಹಿತ ಎಂದು ಕೈಪಿಡಿಗಳು ಹೇಳುತ್ತವೆ. ನಮ್ಮ ಗೌನಿಪಲ್ಲಿ ಕಡೆ, ಮಾವಿನ ಸೀಮೆಯಲ್ಲಿ, ಕೊಳವೆಬಾವಿ ನಂಬಿ ಅಡಿಕೆ ಸಸಿ ಇಡಲು ಹೊರಡುವವರಿಗೆ ವಿಟ್ಲದ ಹವಾಮಾನದ ಪಟ್ಟಿ ಏನು ಹೇಳೀತು? ಅಲ್ಲಿ ಕಡಲ ತೇವ, ಇಲ್ಲಿ ಒಣಗಾಳಿ. ಬೇಸಿಗೆಯಲ್ಲಿ ಎಷ್ಟು ದಿನ 36 ದಾಟುತ್ತದೆ, ಮಾಗಿಯಲ್ಲಿ ಎಷ್ಟು ರಾತ್ರಿ 14ಕ್ಕಿಂತ ಕೆಳಗಿಳಿಯುತ್ತದೆ ಎಂದು ತಿಳಿಯದೆ ಹಣ ಹೂಡುವುದು ಜೂಜೇ ಸರಿ.

ಮೊಬೈಲಿನಲ್ಲಿ ಬರುತ್ತದಲ್ಲ ಎನ್ನುವವರಿದ್ದಾರೆ. ಅದು ಲೆಕ್ಕಾಚಾರದಿಂದ ಅಂದಾಜಿಸಿದ ಅಂಕಿ. ನಿಮ್ಮ ಮರದ ನೆರಳು ಅದಕ್ಕೆ ಗೊತ್ತಿಲ್ಲ. ಹೋಬಳಿಗಳಲ್ಲಿ ಸರ್ಕಾರದ ಹವಾಮಾನ ಯಂತ್ರಗಳಿವೆ, ನಿಜ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ತೀರ್ಮಾನವಾಗುವುದು ಇಂಥ ಅಧಿಕೃತ ಅಂಕಿಗಳಿಂದಲೇ. ನಮ್ಮ ಪುಸ್ತಕ ನೋಡಿ ಯಾರೂ ಪರಿಹಾರ ಕೊಡಲಾರರು. ಆದರೆ ಅಲ್ಲಿನ ಅಂಕಿ ಹೊಂದದಿದ್ದಾಗ ಪ್ರಶ್ನೆ ಕೇಳಲು ಕೈಯಲ್ಲಿ ಏನಾದರೂ ಬೇಡವೇ?

ಬೇಕಾದದ್ದು ಒಂದು ಗರಿಷ್ಠ–ಕನಿಷ್ಠ ಉಷ್ಣಮಾಪಕ. ನೇರ ಬಿಸಿಲು ತಾಗದಂತೆ, ಗಾಳಿಯಾಡುವಂತೆ, ನೆಲದಿಂದ ನಾಲ್ಕೈದು ಅಡಿ ಎತ್ತರದಲ್ಲಿ, ಗೋಡೆ ಮತ್ತು ತಗಡಿನಿಂದ ದೂರ ಇಡಬೇಕು. ದಿನವೂ ಒಂದೇ ಹೊತ್ತಿಗೆ ಓದಿ, ಬರೆದು, ಸೂಚಿಯನ್ನು ಮತ್ತೆ ಸರಿಮಾಡಬೇಕು. ಪಕ್ಕದ ನೆರಳಿನ ಮರ ಕಡಿದರೆ ಅಥವಾ ಮಾಪಕದ ಜಾಗ ಬದಲಿಸಿದರೆ ಆ ತಾರೀಖನ್ನೂ ಬರೆಯಿರಿ. ಇಲ್ಲವಾದರೆ ಮರ ಹೋದದ್ದರಿಂದ ಬಂದ ಸೆಕೆಯನ್ನು ಲೋಕದ ಸೆಕೆಯೆಂದು ಓದಿಕೊಂಡೇವು. ಒಂದೆರಡು ವರ್ಷದಿಂದ ಏನೂ ತಿಳಿಯದು. ಹವಾಮಾನ ಶಾಸ್ತ್ರದಲ್ಲಿ 30 ವರ್ಷದ ಸರಾಸರಿ ಹಿಡಿಯುತ್ತಾರೆ. ಬರವಣಿಗೆಯನ್ನು ಮಕ್ಕಳಿಗೆ ಒಪ್ಪಿಸುವುದು ಒಳ್ಳೆಯದು.

ಸಂಘವು ಗೊಬ್ಬರ ತರಿಸುವಂತೆ ಉಷ್ಣಮಾಪಕಗಳನ್ನೂ ಒಟ್ಟಾಗಿ ತರಿಸಿ ಸದಸ್ಯರಿಗೆ ಖರೀದಿ ದರದಲ್ಲೇ ಕೊಡಬೇಕೆಂದು ಬರುವ ಮಹಾಸಭೆಯಲ್ಲಿ ಕೇಳಲಿದ್ದೇವೆ.